ಹೂವಿನ ಗಿಡವಾಗುವ ಹುಡುಗಿ: ಟೊಂಗೆ ಮುರಿಯುವ ಭಾಗ ಬಿಡಬೇಡಿ

ಅಕ್ಕಾ, ಹೂವಿನ ಗಿಡವಾಗುವ ಹುಡುಗಿಯ ಕತೆ ಹೇಳುವಾಗ ಟೊಂಗೆ ಮುರಿಯುವ ಕಡೆ ನಿಮ್ಮ ಐದು ವರ್ಷದ ಮಗಳು ಅತ್ತಳು, ಆ ಭಾಗ ಬಿಟ್ಟು ಹೇಳಲಾ ಅಂತ ಕೇಳಿದ್ದೀರಿ. ಬಿಡಬೇಡಿ.

ಅದನ್ನು ತೆಗೆದರೆ ಎರಡು ಕೊಡ ನೀರು ಸುಮ್ನೆ ಆಟವಾಗುತ್ತದೆ. ಒಂದು ಕೊಡ ಸುರಿದರೆ ಗಿಡ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನೀರಿಗೆ ಉಗುರು ತಾಗಬಾರದು, ಟೊಂಗೆಗೆ ನೋವಾಗಬಾರದು. ನಾದಿನಿಯೂ ಅವಳ ಗೆಳತಿಯರೂ ಇದನ್ನೇ ಮರೆತು ಟೊಂಗೆ ಮುರಿಯುತ್ತಾರೆ, ಹುಡುಗಿ ಕೈಕಾಲಿಲ್ಲದವಳಾಗುತ್ತಾಳೆ. ಕೊನೆಗೆ ಗಂಡ ಮುರಿದ ಟೊಂಗೆ ಜೋಡಿಸಿ, ಕಟ್ಟಿ, ನೀರು ಸುರಿದಾಗ ಕೈಕಾಲು ವಾಪಸ್ ಬರುತ್ತವೆ. ಅಲ್ಲಿಯವರೆಗೆ ಹೇಳಿ, ಅರ್ಧಕ್ಕೆ ನಿಲ್ಲಿಸಿ ಮಲಗಿಸಬೇಡಿ. ನಾನು ಒಮ್ಮೆ ಹಾಗೆ ಮಾಡಿ ರಾತ್ರಿಯೆಲ್ಲ ಅನುಭವಿಸಿದ್ದೇನೆ!

ನಮ್ಮದು ರಾಯಚೂರು. ಕತೆಯಲ್ಲಿ ಹತ್ತಿ ವ್ಯಾಪಾರಿಗಳು ಕೈಕಾಲಿಲ್ಲದ ಅವಳನ್ನು ಗಾಡಿಯಲ್ಲಿ ಕರೆದೊಯ್ಯುತ್ತಾರಲ್ವಾ, ನಮ್ಮಜ್ಜಿ ಆ ಗಾಡಿಯನ್ನು ಸೀದಾ ನಮ್ಮೂರ ಗಂಜ್‌ಗೇ, ಅಂದರೆ ಮಾರುಕಟ್ಟೆಗೇ, ತರುತ್ತಿದ್ದಳು. ಪ್ರತಿ ಮಾತಿಗೂ ನಾವು ‘ಹೂಂ’ ಅನ್ನಬೇಕು, ಇಲ್ಲದಿದ್ದರೆ ಕತೆ ಬಂದ್. ಈಗ ನನ್ನ ಮಗಳಿಗೂ ಅದೇ ಕಾಯಿದೆ. ಅಳು ಬಂದಾಗ ‘ಹೂಂ’ ಸಣ್ಣದಾಗುತ್ತದೆ, ಆಗ ನಾನು ಬೇಗ ಬೇಗ ಮುಂದಕ್ಕೆ ಹೋಗುತ್ತೇನೆ.

ಗಿರೀಶ್ ಕಾರ್ನಾಡರು ಇದೇ ಕತೆಯಿಂದ 1992ರಲ್ಲಿ ‘ಚೆಲುವಿ’ ಅಂತ ಹಿಂದಿ ಸಿನಿಮಾ ಮಾಡಿದ್ದಾರೆ. ಚೆನ್ನಾಗಿದೆ, ಆದರೆ ದುಃಖ ಜಾಸ್ತಿ. ಈ ವಯಸ್ಸಿಗೆ ತೋರಿಸಬೇಡಿ.

ಕತೆ ಮುಗಿದ ಮೇಲೆ ಎರಡು ಚೊಂಬು ನೀರು ಕೊಟ್ಟು ಮನೆಯ ಮಲ್ಲಿಗೆ ಗಿಡಕ್ಕೆ ಹಾಕಿಸಿ. ನಮ್ಮವಳು ಉಗುರು ತಾಗದಂತೆ ಮುಷ್ಟಿ ಕಟ್ಟಿ ಹಿಡಿದು ಅರ್ಧ ನೀರು ಕಾಲ ಮೇಲೇ ಚೆಲ್ಲಿಕೊಳ್ಳುತ್ತಾಳೆ.