ಒಂದೇ ಜೋನ್‌ಗೆ ಐದು ಸ್ಮೋಕ್ ಡಿಟೆಕ್ಟರ್: ರೆಸಿಸ್ಟರ್ ಎಷ್ಟು, ಎಲ್ಲಿ?

ದಾವಣಗೆರೆಯ ಮಂಡಕ್ಕಿ ಗೋಡೌನ್‌ನಲ್ಲಿ ನಾಲ್ಕು ವೈರಿನ (ಎರಡು ಕರೆಂಟಿಗೆ, ಎರಡು ಅಲಾರಂ ಸಿಗ್ನಲ್‌ಗೆ), 12 ವೋಲ್ಟಿನ ಐದು ಸ್ಮೋಕ್ ಡಿಟೆಕ್ಟರ್. ಪ್ಯಾನೆಲ್ ಕಳ್ಳರ ಅಲಾರಂದು, ಖಾಲಿ ಇರೋದು ಒಂದೇ ಜೋನ್, ಅಂದ್ರೆ ಡಿಟೆಕ್ಟರ್ ಜೋಡಿಸೋ ಒಂದೇ ಲೈನ್. ಸೀರೀಸಾ, ಪ್ಯಾರಲಲ್ಲಾ, ಐದಕ್ಕೂ ರೆಸಿಸ್ಟರ್ ಬೇಕಾ ಅಂತ ಕೇಳಿದ್ದೀರಿ. ರೆಸಿಸ್ಟರ್ ಒಂದೇ ರೀ. ಅದೂ ಕಟ್ಟಕಡೆಯ ಡಿಟೆಕ್ಟರ್‌ನಲ್ಲಿ.

ಬಾಗಿಲಿನ ಮ್ಯಾಗ್ನೆಟ್ ಹಾಕಿ ಕೈ ಪಳಗಿದವರು ಎಡವೋದು ಇಲ್ಲೇ. ಮ್ಯಾಗ್ನೆಟ್‌ಗಳು ಸೀರೀಸ್‌ನಲ್ಲಿ ಹೋಗ್ತವೆ. ಸ್ಮೋಕ್ ಡಿಟೆಕ್ಟರಿನ ಎನ್‌ಒ (ಮಾಮೂಲಿಗೆ ತೆರೆದೇ ಇರೋ) ಕಾಂಟ್ಯಾಕ್ಟ್ ಜೋನಿನ ಎರಡೂ ವೈರಿಗೆ ಅಡ್ಡ, ಅಂದ್ರೆ ಪ್ಯಾರಲಲ್. ಯಾವುದಕ್ಕೆ ಹೊಗೆ ತಗುಲಿದ್ರೂ ಜೋನ್ ಶಾರ್ಟ್ ಆಗಿ ಸೈರನ್ ಕೂಗುತ್ತೆ. ವೈರ್ ತುಂಡಾದ್ರೆ ಕೊನೆಯ ರೆಸಿಸ್ಟರ್ ಪ್ಯಾನೆಲ್‌ಗೆ ಕಾಣದೆ ಟ್ರಬಲ್ (ಲೈನ್ ಕೆಟ್ಟಿದೆ ಅನ್ನೋ ಸೂಚನೆ) ಬರುತ್ತೆ. ಜೋನನ್ನ ಫೈರ್ ಅಂತಲೇ ಪ್ರೋಗ್ರಾಂ ಮಾಡಿರಬೇಕು. ಐದಕ್ಕೂ 4.7 ಕಿಲೋ ಓಮ್ ಹಾಕಿದ್ರೆ ಪ್ಯಾನೆಲ್‌ಗೆ ಕಾಣೋದು ಬರೀ 940 ಓಮ್. ಎಷ್ಟು ಓಮಿಂದು ಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲಿರುತ್ತೆ.

ಕೆಲಸ ಕಲಿಯೋ ದಿನಗಳಲ್ಲಿ ಒಂದು ಹತ್ತಿ ಗೋಡೌನ್‌ನಲ್ಲಿ ನಾನು ಏಣಿ ಹತ್ತೋಕೆ ಬೇಜಾರಾಗಿ ರೆಸಿಸ್ಟರನ್ನ ಪ್ಯಾನೆಲ್ ಒಳಗೇ ಬಿಗಿದು ಬಂದಿದ್ದೆ. ಸರ್ವಿಸ್‌ಗೆ ಹೋದಾಗ ಹಸಿರು ಲೈಟು ಹಾಯಾಗಿ ಉರೀತಿತ್ತು. ಎರಡನೇ ಡಿಟೆಕ್ಟರ್‌ಗೆ ಊದುಬತ್ತಿ ಹಿಡಿದೆ, ಸದ್ದಿಲ್ಲ. ಮೂರನೇದಕ್ಕೂ ಇಲ್ಲ. ತೊಲೆ ಮೇಲೆ ನೋಡಿದ್ರೆ ಇಲಿ ಕಡಿದು ತಾಮ್ರ ಮಿಣಮಿಣ ಅಂತಿತ್ತು. ರೆಸಿಸ್ಟರ್ ಕಾಯೋದು ಪ್ಯಾನೆಲ್ಲಿನಿಂದ ತನ್ನ ತನಕ ಬರೋ ವೈರನ್ನ ಮಾತ್ರ.

ಅದಕ್ಕೇ ಮಧ್ಯದಿಂದ ಕವಲು ತೆಗೀಬೇಡ್ರಿ. ವೈರನ್ನ ಸುಲಿದು, ಕತ್ತರಿಸದೆ ಸ್ಕ್ರೂಗೆ ಸುತ್ತೋದೂ ಬೇಡ. ಅದು ಜಾರಿ ಬಂದ್ರೂ ಲೈನ್ ತುಂಡಾಗಲ್ಲ, ಪ್ಯಾನೆಲ್‌ಗೆ ಗೊತ್ತೇ ಆಗಲ್ಲ. ಬರೋ ತುದಿ ಬೇರೆ, ಹೋಗೋ ತುದಿ ಬೇರೆ ಇರಲಿ.

ಕರೆಂಟಿನ ಜೋಡಿ ತುಂಡಾದ್ರೆ? ಕೊನೆಯ ಡಿಟೆಕ್ಟರ್ ಹತ್ರ 12 ವೋಲ್ಟಿನ ಸೂಪರ್ವಿಷನ್ ರಿಲೇ (ಕರೆಂಟ್ ಇದೆಯಾ ಅಂತ ಕಾಯೋ ಸ್ವಿಚ್) ಹಾಕ್ರಿ. ಕರೆಂಟ್ ಇರೋವಾಗ ಮುಚ್ಚಿರೋ ಅದರ ಕಾಂಟ್ಯಾಕ್ಟನ್ನ ರೆಸಿಸ್ಟರ್ ಜೊತೆ ಸೀರೀಸ್ ಮಾಡಿದ್ರೆ, ಕರೆಂಟ್ ಹೋದ ಕೂಡ್ಲೇ ಟ್ರಬಲ್. ಇನ್ನು ಆ 12 ವೋಲ್ಟನ್ನ ರಿಸೆಟ್ ಒತ್ತಿದಾಗ ಒಂದು ಕ್ಷಣ ಆಫ್ ಆಗೋ ಟರ್ಮಿನಲ್‌ನಿಂದಲೇ ತಗೊಳ್ರಿ. ಇಲ್ಲಾಂದ್ರೆ ಒಮ್ಮೆ ಕೂಗಿದ ಡಿಟೆಕ್ಟರ್ ಹೊಗೆ ಹೋದ್ರೂ ಹಿಡಿದ ಪಟ್ಟು ಬಿಡಲ್ಲ.

ಐದರಲ್ಲಿ ಒಂದು ಭಟ್ಟಿ ಕಡೆ ಬರುತ್ತೆ ಅಂದ್ರಲ್ಲ, ಅಲ್ಲಿ ಸ್ಮೋಕ್ ಬೇಡವೇ ಬೇಡ, ದಿನಾ ಬೆಳಿಗ್ಗೆ ಕೂಗುತ್ತೆ. ಹೀಟ್ ಡಿಟೆಕ್ಟರ್ ಹಾಕ್ರಿ, ಅದರ ಎನ್‌ಒ ಕಾಂಟ್ಯಾಕ್ಟೂ ಇದೇ ಲೈನಿಗೆ ಸೇರುತ್ತೆ. ಎಲ್ಲ ಮುಗಿದ ಮೇಲೆ ಒಂದೊಂದರಲ್ಲೂ ಜೋನಿನ ಒಂದು ವೈರ್ ಬಿಚ್ಚಿ ನೋಡ್ರಿ: ಐದೂ ಸಲ ಟ್ರಬಲ್ ಬರಬೇಕು.