ನಿಲ್ಲಿಸಿದವನ ಮೇಲೆ ಸಿಟ್ಟೇಕೆ, ಮೇಷ್ಟ್ರೇ?

(ದಾವಣಗೆರೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರ ಪತ್ರ: "ಮುಹಮ್ಮದ್ ಅಲಿ-ಜೋ ಫ್ರೇಜಿಯರ್ ನಡುವಿನ ಮನಿಲಾ ಬಾಕ್ಸಿಂಗ್ ಪಂದ್ಯಕ್ಕೆ 50 ವರ್ಷ ತುಂಬಿದ ನೆನಪಿಗೆ ನೀವು ಹಾಕಿದ ಲೇಖನ ಚೆನ್ನಾಗಿತ್ತು. ಆದರೆ ಇನ್ನೊಂದೇ ಸುತ್ತು ಬಾಕಿ ಇದ್ದಾಗ ಫ್ರೇಜಿಯರ್‌ನ ಕೋಚ್ ಪಂದ್ಯ ನಿಲ್ಲಿಸಿದ್ದನ್ನು ಹೊಗಳಿದ್ದು ಸರಿಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ ಆ ಕೋಚ್. ಈಗ ಜಪಾನಿನಲ್ಲಿ ಇಬ್ಬರು ಸತ್ತರೆಂದು ಸುತ್ತುಗಳನ್ನೇ ಕಡಿಮೆ ಮಾಡುತ್ತಿದ್ದಾರೆ. ಹೀಗಾದರೆ ಬಾಕ್ಸಿಂಗ್ ಉಳಿಯುತ್ತದೆಯೇ?")

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ನಿಮ್ಮ ಜೊತೆ ಜಗಳ ಆಡಬೇಕು ಅಂತಲೂ ಅನ್ನಿಸಿತು. ಛಲ ಇಲ್ಲದವನು ಬಾಕ್ಸಿಂಗ್ ರಿಂಗಿನ ಹತ್ತಿರವೂ ಸುಳಿಯಬಾರದು, ಒಪ್ಪಿದೆ. ಅಷ್ಟು ಒಪ್ಪಿಬಿಟ್ಟು ಈಗ ಜಗಳಕ್ಕೆ ಬರುತ್ತೇನೆ.

ಮೊದಲು ಆ ತುತ್ತಿನ ವಿಚಾರ. 1975ರ ಅಕ್ಟೋಬರ್ 1, ಫಿಲಿಪ್ಪೀನ್ಸ್‌ನ ಮನಿಲಾದ ಸುಡುವ ಸೆಕೆ, 15 ಸುತ್ತಿನ ಪಂದ್ಯ. 14ನೇ ಸುತ್ತು ಮುಗಿದು ಫ್ರೇಜಿಯರ್ ತನ್ನ ಮೂಲೆಗೆ ಬಂದು ಕೂತಾಗ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಎಡಗಣ್ಣಿನ ದೃಷ್ಟಿ ಮೊದಲೇ ಮಂದ. ಆ ಸುತ್ತಿನಲ್ಲಿ ಅಲಿಯ ಬಲಗೈ ಏಟುಗಳು ಬರುತ್ತಿದ್ದದ್ದೇ ಅವನಿಗೆ ಕಾಣುತ್ತಿರಲಿಲ್ಲ. ಮೂವರೂ ತೀರ್ಪುಗಾರರ ಲೆಕ್ಕದಲ್ಲಿ ಅಲಿ ಮುಂದಿದ್ದ. ಅಂದರೆ ಕಣ್ಣು ಕಾಣದವನು ಮೂರು ನಿಮಿಷದಲ್ಲಿ ಅಲಿಯನ್ನು ನೆಲಕ್ಕೆ ಕೆಡವಬೇಕಿತ್ತು. ಇದು ಕೈಗೆ ಬಂದ ತುತ್ತಾ? ಫ್ರೇಜಿಯರ್ ಬೇಡ ಬೇಡ ಅಂದ. ಕೋಚ್ ಎಡ್ಡಿ ಫಚ್ ಕೇಳಲಿಲ್ಲ. ಸಾಕು ಕೂತ್ಕೋ ಮಗಾ ಅಂದ, ರೆಫರಿಗೆ ಹೇಳಿದ, ಮುಗೀತು. ಫ್ರೇಜಿಯರ್ 2011ರವರೆಗೆ ಬದುಕಿದ.

ನೀವು ಆಟ ಕಲಿಸಿದವರು, ನಿಮಗೆ ಗೊತ್ತಿರುತ್ತದೆ. ಎರಡು ಸುತ್ತುಗಳ ನಡುವೆ ಸಿಗುವುದು ಒಂದೇ ನಿಮಿಷ. ಅಷ್ಟರಲ್ಲಿ ಸ್ಟೂಲ್ ಹಾಕಬೇಕು, ಹಲ್ಲಿನ ಗಾರ್ಡ್ ತೆಗೆದು ತೊಳೆಯಬೇಕು, ಒಡೆದ ಹುಬ್ಬಿಗೆ ಔಷಧಿ ಒತ್ತಿ ವ್ಯಾಸಲೀನ್ ಮೆತ್ತಬೇಕು, ಊತಕ್ಕೆ ಐಸ್ ಹಿಡಿಯಬೇಕು. ಇದರ ನಡುವೆಯೇ ಒಬ್ಬ ಆ ಹುಡುಗನ ಕಣ್ಣೊಳಗೆ ಇಣುಕಿ, ಇವನು ಮುಂದಿನ ಸುತ್ತಿಗೆ ಹೋಗಬಹುದೋ ಬೇಡವೋ ಅಂತ ನಿರ್ಧರಿಸಬೇಕು. ಸುತ್ತ ಸಾವಿರಾರು ಜನ ಕಿರುಚುತ್ತಿರುತ್ತಾರೆ. ಹುಡುಗ ತಾನೂ 'ನಾನು ಸರಿಯಾಗಿದ್ದೀನಿ' ಅನ್ನುತ್ತಾನೆ. ಎಲ್ಲರೂ ಹಾಗೇ ಅನ್ನುತ್ತಾರೆ. ಏಟು ಬಿದ್ದ ಮೆದುಳಿಗೆ ತನ್ನ ಸ್ಥಿತಿಯೇ ಗೊತ್ತಾಗುವುದಿಲ್ಲ. ಗ್ಲೌಸ್ ಇದೆಯಲ್ಲ ಅನ್ನಬೇಡಿ. ಗ್ಲೌಸ್ ಕಾಪಾಡುವುದು ಹೊಡೆಯುವವನ ಕೈಮೂಳೆಯನ್ನು. ತಲೆ ಗಿರಕ್ಕನೆ ತಿರುಗಿದಾಗ ಮೆದುಳಿನ ಮೇಲಿನ ಸಣ್ಣ ರಕ್ತನಾಳ ಹರಿಯುತ್ತದೆ. ರಕ್ತ ನಿಧಾನವಾಗಿ ತುಂಬಿಕೊಳ್ಳುತ್ತದೆ. ಹುಡುಗ ಮಾತಾಡುತ್ತಲೇ ಇರುತ್ತಾನೆ, ತಲೆನೋವು ಅನ್ನುತ್ತಾನೆ, ಆಮೇಲೆ ಮಾತು ನಿಲ್ಲುತ್ತದೆ.

2019ರ ಜುಲೈನಲ್ಲಿ ರಷ್ಯಾದ ಮ್ಯಾಕ್ಸಿಮ್ ದಾದಾಶೆವ್‌ಗೆ ಆದದ್ದು ಇದೇ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 11ನೇ ಸುತ್ತಿನ ನಂತರ ಅವನ ಕೋಚ್ ಬಡ್ಡಿ ಮೆಗರ್ಟ್, ತಾನೂ ವಿಶ್ವ ಚಾಂಪಿಯನ್ ಆಗಿದ್ದವನು, ಮಂಡಿಯೂರಿ ಬೇಡಿಕೊಳ್ಳುವ ದನಿಯಲ್ಲಿ ನಿಲ್ಲಿಸೋಣ ಅಂದ. ಹುಡುಗ ತಲೆ ಅಲ್ಲಾಡಿಸುತ್ತಲೇ ಇದ್ದ. ಕೋಚ್ ನಿಲ್ಲಿಸಿಯೇಬಿಟ್ಟ. ಆದರೂ ತಡವಾಗಿತ್ತು, ನಾಲ್ಕು ದಿನದ ಮೇಲೆ ಹುಡುಗ ತೀರಿಕೊಂಡ. ನಿಮ್ಮ ಮಾತು ಕೇಳಿದ್ದರೆ 12ನೇ ಸುತ್ತಿಗೂ ಕಳಿಸಬೇಕಿತ್ತು, ಅಲ್ವಾ?

ಸುತ್ತುಗಳ ವಿಷಯಕ್ಕೆ ಬರೋಣ. 1982ರಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಕಿಮ್ ಡುಕ್-ಕೂ 14ನೇ ಸುತ್ತಿನಲ್ಲಿ ಬಿದ್ದು ಸತ್ತ ಮೇಲೆ 15 ಸುತ್ತು 12ಕ್ಕೆ ಇಳಿಯಿತು. ಆಗ ಆಟ ಸತ್ತಿತಾ? ಸತ್ತದ್ದು ಕಿಮ್. ಕೆಲವೇ ತಿಂಗಳಲ್ಲಿ ಅವನ ತಾಯಿಯೂ, ಆ ಪಂದ್ಯದ ರೆಫರಿಯೂ ತಾವಾಗಿ ಜೀವ ಬಿಟ್ಟರು. ಈಗ 2025ರ ಆಗಸ್ಟ್‌ನಲ್ಲಿ ಟೋಕಿಯೋದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ರಾತ್ರಿ ಆಡಿದ ಶಿಗೆತೋಶಿ ಕೋಟಾರಿ, ಹಿರೊಮಾಸಾ ಉರಕಾವಾ ಇಬ್ಬರೂ ಹೋದರು. ಒಬ್ಬನದು 12 ಸುತ್ತಿನ ಪಂದ್ಯ, ಇನ್ನೊಬ್ಬನದು ಎಂಟೇ ಸುತ್ತಿನದು. ಹಾಗಾಗಿ ಸುತ್ತು ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನೂ ಹೇಳುವುದಿಲ್ಲ. ಯಾರೋ ಒಬ್ಬರು ನಿಲ್ಲಿಸಬೇಕು, ಅದೂ ಹೊತ್ತಿಗೆ ಸರಿಯಾಗಿ.

ಆದರೆ ಈ ವ್ಯವಹಾರದಲ್ಲಿ ನಿಲ್ಲಿಸಿದರೆ ಯಾರಿಗೂ ಲಾಭವಿಲ್ಲ. ಫರ್ಡಿ ಪಚೆಕೋ ಅಂತ ಅಲಿಗೆ ಡಾಕ್ಟರಿದ್ದ. 1977ರಲ್ಲಿ ಶೇವರ್ಸ್ ಜೊತೆಗಿನ ಪಂದ್ಯದ ಮೇಲೆ, ಕಿಡ್ನಿ ಹಾಳಾಗುತ್ತಿದೆ, ಬಿಟ್ಟುಬಿಡು ಅಂತ ರಿಪೋರ್ಟ್ ಕಳಿಸಿದ. ಯಾರೂ ಉತ್ತರ ಕೊಡಲಿಲ್ಲ. ಡಾಕ್ಟರೇ ಬಿಟ್ಟು ಹೋದ. 1980ರಲ್ಲಿ 38ರ ಅಲಿಯನ್ನು ಲ್ಯಾರಿ ಹೋಮ್ಸ್ ಎದುರು ನಿಲ್ಲಿಸಿದರು. 10 ಸುತ್ತು ಹೊಡೆಸಿಕೊಂಡ ಮೇಲೆ ಕೋಚ್ ಡಂಡಿ ಸಾಕು ಅಂದರೆ, ಅಲಿಯ ಬಳಗದವನೇ ಒಬ್ಬ ಡಂಡಿಯ ಸ್ವೆಟರ್ ಹಿಡಿದೆಳೆದು ಇನ್ನೊಂದು ಸುತ್ತು ಅಂತ ಗೋಗರೆದ! 1984ರಲ್ಲಿ ಅಲಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯಿತು. 2013ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಂಥ ಜಾಗದಲ್ಲಿ ಆಡಿದ ಮಾಗೊಮೆದ್ ಅಬ್ದುಸಲಾಮೊವ್, ಮೆದುಳಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದರೂ, ಆಸ್ಪತ್ರೆಗೆ ಹೋದದ್ದು ಟ್ಯಾಕ್ಸಿಯಲ್ಲಿ. ಆಮೇಲೆ ನ್ಯೂಯಾರ್ಕ್ ರಾಜ್ಯ ಸರ್ಕಾರ 2.2 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಆ್ಯಂಬುಲೆನ್ಸ್ ಬಾಡಿಗೆ ಎಷ್ಟಿರುತ್ತಿತ್ತೋ! 2024ರಲ್ಲಿ 58ರ ಟೈಸನ್‌ನನ್ನು ರಿಂಗಿಗೆ ತಂದು ನಮ್ಮ ಮನೆಯ ಟಿ.ವಿ.ಗೂ ತೋರಿಸಿದರು. ನಾವೂ ನೋಡಿದೆವು.

ದೂರದ ಮಾತಾಯಿತು ಅನ್ನುತ್ತೀರೇನೋ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಹುಡುಗ ಏಟು ತಿಂದು ಬಿದ್ದವನು ಮತ್ತೆ ಏಳಲೇ ಇಲ್ಲ. ಸ್ಟ್ರೆಚರ್ ಇರಲಿಲ್ಲ, ಆಕ್ಸಿಜನ್ ಇರಲಿಲ್ಲ ಅಂತ ಆಗ ಆರೋಪ ಬಂತು.

ಅದೇ ಮೈಸೂರಿನಲ್ಲಿ, ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೀವು ನೋಡಿರಬಹುದು. ತಲೆ ಬೋಳಿಸಿಕೊಂಡು, ಮುಳ್ಳಿನಂಥ ಆಯುಧ ಕೈಗೆ ತೊಟ್ಟು ಬರುತ್ತಾರೆ. ನೋಡಿದರೆ ಭಯವಾಗಬೇಕು. ಆದರೆ ಒಬ್ಬನ ತಲೆಯಿಂದ ಒಂದು ತೊಟ್ಟು ರಕ್ತ ಚಿಮ್ಮಿದರೆ ಮುಗೀತು. ಎಷ್ಟೋ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಜಟ್ಟಿಗಳಿಗೆ ಛಲ ಕಡಿಮೆ ಅಂತ ಯಾರಾದರೂ ಹೇಳಿದ್ದುಂಟಾ? ನಮ್ಮ ಗರಡಿಯವರೂ ಅಷ್ಟೆ, ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಎದ್ದು ಹೋಗುತ್ತಾರೆ.

ನನ್ನ ಸಿಟ್ಟು ನಿಜವಾಗಿ ನಮ್ಮ ಪತ್ರಿಕೆಯವರ ಮೇಲೆಯೇ. 'ಮುರಿದ ದವಡೆಯಲ್ಲೇ ಹೋರಾಡಿದ', 'ಜ್ವರದಲ್ಲೇ ಪರೀಕ್ಷೆ ಬರೆದ', 'ತಂದೆ ತೀರಿಕೊಂಡ ದಿನವೂ ಡ್ಯೂಟಿಗೆ ಬಂದ'. ಇಂಥವಕ್ಕೆ ಮೊದಲ ಪುಟ, ದೊಡ್ಡ ಫೋಟೊ. 'ಜ್ವರವಿತ್ತು, ಮನೆಯಲ್ಲಿ ಮಲಗಿದ' ಅನ್ನುವುದು ಸುದ್ದಿಯೇ ಅಲ್ಲ. ಇದನ್ನು ಓದಿ ಬೆಳೆದ ಮಕ್ಕಳು ನೋವು ಹೇಳಿಕೊಳ್ಳಲು ನಾಚುತ್ತಾರೆ. ಅಪ್ಪ ಅಮ್ಮಂದಿರು ಅದನ್ನೇ ಹೆಮ್ಮೆ ಅಂದುಕೊಳ್ಳುತ್ತಾರೆ. ನಿಮ್ಮ ಶಾಲೆಯ ಮೈದಾನದಲ್ಲಿ ಕಾಲು ಉಳುಕಿದ ಹುಡುಗನನ್ನು ನೀವು ಕೂರಿಸಿಯೇ ಇರುತ್ತೀರಿ, ಅವನು ಅತ್ತರೂ. ಫಚ್ ಮಾಡಿದ್ದೂ ಅದನ್ನೇ.

ಬಾಕ್ಸಿಂಗ್ ಉಳಿಯುತ್ತದೆಯೇ ಅಂತ ಕೇಳಿದ್ದೀರಿ. ಮನಿಲಾ ಆದ ಮೇಲೆ ಮರುವರ್ಷ ಫ್ರೇಜಿಯರ್ ಫೋರ್ಮನ್ ಎದುರು ಕಣಕ್ಕಿಳಿದಾಗ ಅವನ ಮೂಲೆಯಲ್ಲಿದ್ದದ್ದು ಅದೇ ಫಚ್. ಆಮೇಲೆ ಮೈಕಲ್ ಸ್ಪಿಂಕ್ಸ್ ಅವನ ಹತ್ತಿರ ಬಂದ, 1985ರಲ್ಲಿ ಹೆವಿವೇಟ್ ಚಾಂಪಿಯನ್ ಆದ. ರಿಡ್ಡಿಕ್ ಬೋ ಬಂದ, 1992ರಲ್ಲಿ ಚಾಂಪಿಯನ್ ಆದ. ಆಗ ಫಚ್‌ಗೆ ವಯಸ್ಸು 81.