ಡಂಪರ್ ಓಡಾಟದ ಲೆಕ್ಕಕ್ಕೆ ಯಾವ ಭಾಷೆ?

ಪ್ರಶ್ನೆ: ಗಣಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ತೆರೆದ ಗಣಿಯ ಒಂದು ಶೊವೆಲ್ (ಡಂಪರಿಗೆ ಲೋಡ್ ತುಂಬುವ ಯಂತ್ರ), ಆರು ಡಂಪರ್, ಒಂದು ಕ್ರಷರ್‌ನ ಶಿಫ್ಟ್ ಓಡಾಟವನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಟ್ ಮಾಡಬೇಕು. ಸಿ++ ಕಲಿಯಲೇ, ಪೈಥಾನ್ ಸಾಕೇ? ಜಿಪಿಎಸ್‌ಎಸ್ ಕಲಿ ಎನ್ನುವವರೂ ಇದ್ದಾರೆ. – ವಿದ್ಯಾರ್ಥಿ, ಸಂಡೂರು

ಉತ್ತರ: ಪೈಥಾನ್ ಸಾಕು, ಜೊತೆಗೆ ಸಿಮ್‌ಪೈ ಲೈಬ್ರರಿ (ಸಿಮ್ಯುಲೇಶನ್‌ಗೆಂದೇ ಬರೆದಿಟ್ಟ ಸಿದ್ಧ ಕೋಡ್) ಹಾಕಿಕೊಳ್ಳಿ. 1960ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ ಹುಟ್ಟಿದ ಜಿಪಿಎಸ್‌ಎಸ್ ಸರದಿ ಲೆಕ್ಕಕ್ಕೆ ಒಳ್ಳೆಯ ಭಾಷೆಯೇ. ಆದರೆ ಅಳತೆಯ ಫೈಲ್ ಓದಿಸಿ ಗ್ರಾಫ್ ಬರೆಸುವ ಹೊತ್ತಿಗೆ ಪೈಥಾನೇ ಹಗುರ. ಸಿ++ ವೇಗ ನಿಮಗೆ ಬೇಕಿಲ್ಲ. ಆರು ಡಂಪರಿನ ಶಿಫ್ಟು ಪೈಥಾನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಪ್ರತಿ ಡಂಪರ್ ಒಂದು ‘ಪ್ರೊಸೆಸ್’, ಅಂದರೆ ತನ್ನ ಕೆಲಸಗಳನ್ನು ಒಂದಾದ ಮೇಲೊಂದು ಮಾಡುತ್ತ ಹೋಗುವುದು. ಶೊವೆಲ್, ಕ್ರಷರ್ ತಲಾ ಒಂದು ‘ರಿಸೋರ್ಸ್’, ಸಾಮರ್ಥ್ಯ 1, ಅಂದರೆ ಒಮ್ಮೆಗೆ ಒಂದೇ ಡಂಪರ್, ಉಳಿದವು ಕಾಯಬೇಕು. ಲೋಡಿಂಗ್ 3 ನಿಮಿಷ, ತುಂಬಿದ ಓಟ 8, ಸುರಿಯಲು ಒಂದೂವರೆ, ಖಾಲಿ ಓಟ ಐದೂವರೆ ಎನ್ನಿ, ಒಟ್ಟು 18. ಆರು ಡಂಪರ್‌ಗೆ ಮೂರು ನಿಮಿಷದಂತೆ ಅದೂ 18, ಹಾಗಾಗಿ ಕಾಗದದ ಮೇಲೆ ಶೊವೆಲ್ ಬಿಡುವಿಲ್ಲದೆ 480 ನಿಮಿಷದ (ಎಂಟು ಗಂಟೆಯ) ಶಿಫ್ಟಿಗೆ 160 ಲೋಡ್ ತುಂಬುತ್ತದೆ. ಸಮಯ ಏರುಪೇರಾದೊಡನೆ ಒಮ್ಮೆ ಡಂಪರ್ ಸಾಲುಗಟ್ಟಿ, ಒಮ್ಮೆ ಶೊವೆಲ್ ಖಾಲಿ ನಿಂತು ಲೆಕ್ಕ ಇಳಿಯುತ್ತದೆ. ಎಷ್ಟು ಇಳಿಯುತ್ತದೆಂದು ತಿಳಿಯುವುದಕ್ಕೇ ಈ ಪ್ರೋಗ್ರಾಂ.

ಮೊದಲು ಏರುಪೇರಿಲ್ಲದೆ ಒಂದೇ ಡಂಪರ್ ಓಡಿಸಿ. ಕ್ರಷರ್‌ನಲ್ಲಿ ಎಣಿಸಿದರೆ 26 ಟ್ರಿಪ್, ಶೊವೆಲ್ ಬಳಿ ಎಣಿಸಿದರೆ 27 ಬರಬೇಕು; ಕೊನೆಯದು ಇನ್ನೂ ಸುರಿದು ಮುಗಿಸಿರುವುದಿಲ್ಲ. ಬೇರೆ ಸಂಖ್ಯೆ ಬಂದರೆ ಅಲ್ಲೇ ನಿಲ್ಲಿ, ತಪ್ಪು ಹುಡುಕಿ.

ಹೆಚ್ಚಿನವರು ಎಡವುವುದು ಭಾಷೆಯಲ್ಲಲ್ಲ, ಸ್ಟಾಪ್‌ವಾಚಿನಲ್ಲಿ. ಡಂಪರ್ ರಿವರ್ಸ್ ತೆಗೆಯುವ ಕ್ಷಣದಿಂದ ಶೊವೆಲ್ ಆಪರೇಟರ್ ‘ಹೊರಡು’ ಎಂದು ಹಾರ್ನ್ ಹೊಡೆಯುವವರೆಗೆ ಮಾತ್ರ ಲೋಡಿಂಗ್. ಸಾಲಿನಲ್ಲಿ ಕಾದ ಸಮಯ ಅದರೊಳಗೆ ಸೇರಿದರೆ, ಪ್ರೋಗ್ರಾಂ ಮತ್ತೆ ಕಾಯಿಸುತ್ತದೆ. ಒಂದೇ ಕಾಯುವಿಕೆ ಎರಡು ಸಲ ಎಣಿಕೆಯಾಗುತ್ತದೆ.

ಏರುಪೇರಿನ ಸಮಯವನ್ನು ನಾರ್ಮಲ್ ಹಂಚಿಕೆಯಿಂದ (ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡುವ ಸಂಖ್ಯೆಗಳಿಂದ) ತೆಗೆದರೆ ಎಂದಾದರೂ ಋಣ ಸಂಖ್ಯೆ ಬಂದು ಸಿಮ್‌ಪೈ ಎರರ್ ಕೊಟ್ಟು ನಿಲ್ಲುತ್ತದೆ. ಅದನ್ನು ಸೊನ್ನೆ ಮಾಡಿ ಮುಚ್ಚಬೇಡಿ, ಎಂದೂ ಋಣ ಸಂಖ್ಯೆ ಕೊಡದ ಲಾಗ್‌ನಾರ್ಮಲ್ ಬಳಸಿ. ಶಿಫ್ಟಿಡೀ ಒಂದೇ ಲೋಡ್ ಎಂದು ತೋರಿಸಿದರೆ, ಶೊವೆಲನ್ನು ಹಿಡಿದ ಡಂಪರ್ ಪ್ರೋಗ್ರಾಂನಲ್ಲಿ ಅದನ್ನು ಬಿಟ್ಟಿಲ್ಲ. ‘ವಿತ್’ ಬ್ಲಾಕಿನೊಳಗೆ ಬರೆದರೆ ತಾನಾಗಿ ಬಿಡುಗಡೆಯಾಗುತ್ತದೆ. ಹಾಲ್ ರೋಡಿನಲ್ಲಿ (ಡಂಪರ್ ಓಡಾಡುವ ಗಣಿ ರಸ್ತೆಯಲ್ಲಿ) ಓವರ್‌ಟೇಕ್ ಇಲ್ಲದಿದ್ದರೂ ಪ್ರೋಗ್ರಾಂಗೆ ಅದು ಗೊತ್ತಿಲ್ಲ. ಮುಂದೆ ಹೋಗುತ್ತಿರುವ ಡಂಪರ್ ತಲುಪುವ ಸಮಯ ಬರೆದಿಟ್ಟು, ಹಿಂದೆ ಬರುತ್ತಿರುವುದು ಅದಕ್ಕಿಂತ ಮೊದಲು ತಲುಪದಂತೆ ಮಾಡಿ.

ಒಂದು ಓಟದ ಉತ್ತರ ನಂಬಬೇಡಿ, ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಆರಂಭಿಸುವ ಅಂಕೆ) ಬದಲಿಸುತ್ತ 30 ಸಲ ಓಡಿಸಿ. ಏಳನೇ ಡಂಪರ್ ಬೇಕೇ ಎಂದು ನೋಡುವಾಗ ಅವೇ 30 ಸೀಡ್ ಇರಲಿ.